ಮೂರನೇ ಕರೆ

ಸ್ಟುಡಿಯೋದಲ್ಲಿ ಅವಳನ್ನು ಎಲ್ಲರೂ ಕರೆಯುತ್ತಿದ್ದದ್ದು 'ಹುಡುಗ' ಎಂದು. "ಹುಡುಗ ಬಂದ್ನಾ?", "ಹುಡುಗನಿಗೆ ಸ್ವಲ್ಪ ಬಿಸಿನೀರು ಕೊಡ್ರಪ್ಪ", "ಹುಡುಗ ಇವತ್ತು ಬೇಗ ಹೋಗ್ಬೇಕಂತೆ, ಮಾವನ ಕಣ್ಣು ತೋರಿಸೋದಿದೆಯಂತೆ." ಹೊಸಬರು ಯಾರಾದರೂ ಈ ಹುಡುಗನನ್ನು ನೋಡಬೇಕೆಂದು ಬಾಗಿಲ ಕಡೆ ಕತ್ತು ಚಾಚಿದರೆ, ಐವತ್ತು ದಾಟಿದ ಹೆಂಗಸೊಬ್ಬಳು ಮಂಡಿ ಹಿಡಿದುಕೊಂಡು ಮೆಟ್ಟಿಲು ಹತ್ತಿ ಬರುವುದು ಕಾಣುತ್ತಿತ್ತು. ಕೈಚೀಲದಲ್ಲಿ ಕನ್ನಡಕ, ಶುಂಠಿಯ ತುಂಡು, ಒಂದು ಪೊಟ್ಟಣ ಬ್ರೆಡ್. ಗಾಜಿನ ಕೋಣೆಯೊಳಗೆ ಹೋಗಿ ಹೆಡ್‌ಫೋನ್ ಏರಿಸಿಕೊಂಡಳೋ, ಹದಿಮೂರು ವರ್ಷದ ಹುಡುಗ ಅಲ್ಲಿಂದ ಮಾತಾಡತೊಡಗುತ್ತಿದ್ದ.

ಹೊರದೇಶದಿಂದ ಬರುವ ಆನಿಮೆ ಕಾರ್ಟೂನ್ ಸರಣಿಗಳಲ್ಲಿನ ಹುಡುಗರಿಗೆ ನಮ್ಮ ಭಾಷೆಯ ದನಿ ಕೊಡುವುದು ಅವಳ ಕೆಲಸ. ನಿಜವಾದ ಹುಡುಗರನ್ನೇ ಕರೆತರಬಹುದಿತ್ತು. ಆದರೆ ಸರಣಿ ಅರ್ಧಕ್ಕೆ ಬರುವಷ್ಟರಲ್ಲಿ ಅವರ ದನಿ ಒಡೆದು, ಹೀರೋ ಒಂದು ಕಂತಿನಲ್ಲಿ ಗುಬ್ಬಚ್ಚಿಯ ಹಾಗೆ, ಮುಂದಿನ ಕಂತಿನಲ್ಲಿ ಕಪ್ಪೆಯ ಹಾಗೆ ಮಾತಾಡತೊಡಗುತ್ತಾನೆ. ಹೆಂಗಸಿನ ಗಂಟಲಿಗೆ ಆ ಭಯವಿಲ್ಲ. ಎಷ್ಟು ವರ್ಷ ಬೇಕಾದರೂ ಇದ್ದಲ್ಲೇ ಇದ್ದು ದುಡಿಯುತ್ತದೆ.

ಮನೆಯಲ್ಲಿ ಅವಳು ಸೊಸೆ, ಹೆಂಡತಿ, ಅಮ್ಮ. ಆದರೆ ಇದೆಲ್ಲದಕ್ಕಿಂತ ಮೊದಲು, ಎಲ್ಲದಕ್ಕಿಂತ ಹೆಚ್ಚಾಗಿ, ಅವಳು ತಂಗಿ. ಈ ಕಥೆಯಲ್ಲೂ ಅವಳು ತಂಗಿಯೇ ಆಗಿರಲಿ.

ತಂಗಿ ದನಿ ಕೊಟ್ಟ ಹುಡುಗರೆಲ್ಲರೂ ಯಾರನ್ನಾದರೂ ಕಳೆದುಕೊಂಡವರೇ. ಅವಳು ಇಲ್ಲಿಯವರೆಗೆ ಕಳೆದುಕೊಂಡ ತಾಯಂದಿರಿಗೆ ಲೆಕ್ಕವಿಲ್ಲ. ಗುರುಗಳು, ಜೀವದ ಗೆಳೆಯರು, ಒಂದು ನಾಯಿ, ಒಂದು ಸಲವಂತೂ ಇಡೀ ಊರು. ಈ ಹುಡುಗರು ದುಃಖಪಡುವ ರೀತಿ ಅವಳಿಗೆ ಕರತಲಾಮಲಕವಾಗಿತ್ತು. ಮೊದಲು ಆಕಾಶ ನೋಡಿ ಕಿರುಚುವುದು. ಆಗ ತಾನಾಗಿಯೇ ಮಳೆ ಬರುತ್ತದೆ. ಆಮೇಲೆ ಸತ್ತವರದೊಂದು ವಸ್ತು ಮೈಮೇಲೆ ಕಟ್ಟಿಕೊಂಡು ಗುಡ್ಡಕ್ಕೆ ಹೋಗಿ ಬಂಡೆ ಎತ್ತುವುದು, ಜಲಪಾತದ ಕೆಳಗೆ ನಿಲ್ಲುವುದು. ಯುದ್ಧದಲ್ಲಿ ಇನ್ನೇನು ಸೋತೆ ಎನ್ನುವಾಗ ಸತ್ತವರ ನಗುಮುಖ ಕಣ್ಮುಂದೆ ಬಂದು, ಅವರು ಎಂದೋ ಆಡಿದ ಒಂದು ಮಾತು ಕೇಳಿಸಿ, ಮೈಯಲ್ಲಿ ಬಲ ಉಕ್ಕುವುದು. ಇಷ್ಟೆಲ್ಲ ಆಗಿ ಎಷ್ಟೋ ಕಾಲದ ನಂತರ ಯಾರೋ ಗುರುತಿಲ್ಲದವರು ಒಂದು ಬಟ್ಟಲು ಬಿಸಿ ಊಟ ಕೊಟ್ಟಾಗ, ಬಾಯಲ್ಲಿ ತುತ್ತು ಇಟ್ಟುಕೊಂಡೇ ಬಿಕ್ಕುವುದು. ಕೈಚೀಲದ ಬ್ರೆಡ್ ಇದಕ್ಕಾಗಿ. ಬರೀ ಬಾಯಲ್ಲಿ ಅತ್ತರೆ ಆ ಅಳು ಮೈಕಿಗೆ ಸುಳ್ಳೆಂದು ಗೊತ್ತಾಗಿಬಿಡುತ್ತದೆ.

"ಮಾಮೂಲಿ ಅಳು ಬೇರೆ, ತುತ್ತಿನ ಅಳು ಬೇರೆ," ಎನ್ನುತ್ತಿದ್ದ ಸ್ಟುಡಿಯೋದ ಧ್ವನಿ ತಂತ್ರಜ್ಞ. ಮೂರು ಕೋಣೆ ಆಚೆ ಫ್ಯಾನ್ ತಿರುಗಿದರೂ ಹಿಡಿಯುತ್ತಿದ್ದ ಅವನಿಗೆ 'ಕಿವಿ' ಎಂದೇ ಅಡ್ಡಹೆಸರು.

ಸಂಜೆ ಮನೆಗೆ ಬಂದು ಆ ದಿನದ ಸಾವುಗಳನ್ನು ತಂಗಿ ಅಕ್ಕನಿಗೆ ವರದಿ ಮಾಡುತ್ತಿದ್ದಳು. ಅಕ್ಕ ತರಕಾರಿ ಹೆಚ್ಚುತ್ತಾ ಕೇಳಿಸಿಕೊಳ್ಳುತ್ತಿದ್ದಳು.

"ಗುಡ್ಡಕ್ಕೆ ಹೋದ್ನಲ್ಲ, ಅಲ್ಲಿ ಅಡುಗೆ ಯಾರು ಮಾಡಿ ಹಾಕ್ತಾರೆ?"

"ಅದೆಲ್ಲ ತೋರ್ಸಲ್ಲ ಅಕ್ಕ."

"ಬಟ್ಟೆ ಒಗೆಯೋದು?"

"ಒಗೆಯೋ ಮಾತೇ ಇಲ್ಲ. ನಾಲ್ಕು ಸೀಸನ್ನಿಂದ ಅದೇ ಅಂಗಿ."

"ಥೂ! ಅದಕ್ಕೇ ರಾಕ್ಷಸರು ಓಡಿ ಹೋಗ್ತಾರೆ ಬಿಡು."

ಅಕ್ಕ ಈ ಮನೆಗೆ ಬಂದದ್ದು ತಂಗಿಯ ಬಾಣಂತನಕ್ಕೆ, ಹತ್ತು ದಿನದ ಮಟ್ಟಿಗೆ. ಗಂಡ ತೀರಿಕೊಂಡ ಮೇಲೆ ಅವಳು ಒಂದು ಬಾಡಿಗೆ ಕೋಣೆ ಹಿಡಿದು, ದರ್ಜಿ ಅಂಗಡಿಯಲ್ಲಿ ಗುಂಡಿ ಹಾಕುವ ಕೆಲಸ ಮಾಡಿಕೊಂಡಿದ್ದಳು. ಹತ್ತು ದಿನ ಕಳೆದವು. ಮಗುವಿಗೆ ನೆಗಡಿ ಆಯಿತು, ಆಮೇಲೆ ಹಲ್ಲು ಬಂತು, ಆಮೇಲೆ ತಂಗಿಯ ಅತ್ತೆ ಹಾಸಿಗೆ ಹಿಡಿದು ತೀರಿಕೊಂಡರು. ಬೀಗ ಹಾಕಿದ ಕೋಣೆಗೆ ಬಾಡಿಗೆ ಕಟ್ಟಿ ಕಟ್ಟಿ ಸಾಕಾಗಿ ಅಕ್ಕ ಅದನ್ನು ಬಿಟ್ಟುಕೊಟ್ಟಳು. ಇಲ್ಲೇ ಇರು ಎಂದು ಯಾರೂ ಹೇಳಲಿಲ್ಲ, ಹೋಗು ಎಂದೂ ಹೇಳಲಿಲ್ಲ. ಮಗು ಬೆಳೆದು ಕಾಲೇಜು ಸೇರಿತು. ಅಕ್ಕನ ಹಾಸಿಗೆ ಹಗಲು ಸುತ್ತಿ ಮೂಲೆಯಲ್ಲಿಡುವ ಹಾಸಿಗೆಯಾಗಿಯೇ ಉಳಿಯಿತು. ಬಂದವರೆಲ್ಲ ತಂಗಿಗೆ, "ಪುಣ್ಯವಂತೆ ಕಣೇ ನೀನು, ಮನೇಲಿ ಅಕ್ಕ ಇದ್ದಾರೆ," ಎನ್ನುತ್ತಿದ್ದರು. ಅಕ್ಕನಿಗೆ ಆ ಮಾತು ಯಾರೂ ಹೇಳಿದ್ದಿಲ್ಲ.

ಎರಡು ವರ್ಷದ ಹಿಂದೆ ಮಂಜಿನ ರಾಕ್ಷಸರ ಸರಣಿ ಶುರುವಾಯಿತು. ಬೂದಿ ಬಣ್ಣದ ಕೂದಲಿನ ಹುಡುಗ. ಅಪ್ಪ ಅಮ್ಮ ಇಲ್ಲದ ಅವನನ್ನು ಸಾಕಿದವಳು ಅವನ ಅಕ್ಕ. ಮೂರನೇ ಕಂತಿನಲ್ಲಿ ಮಂಜು ಮನೆಯೊಳಕ್ಕೆ ನುಗ್ಗುವಾಗ ಬಾಗಿಲಿಗೆ ಅಡ್ಡ ನಿಂತು ಸಾಯುತ್ತಾಳೆ. ಅವಳು ಅಡುಗೆ ಮಾಡುವಾಗ ಸೊಂಟಕ್ಕೆ ಕಟ್ಟಿಕೊಳ್ಳುತ್ತಿದ್ದ ಬಟ್ಟೆಯ ಲಾಡಿಯನ್ನು ಹುಡುಗ ಹರಿದು ಹಣೆಗೆ ಕಟ್ಟಿಕೊಂಡು ಸೇಡಿಗೆ ಹೊರಡುತ್ತಾನೆ. ಸಾಯುವ ಅಕ್ಕನ ಮಾತು ಒಂದೇ ಸಾಲು. ಅದಕ್ಕೆ ಗೊತ್ತುಮಾಡಿದ್ದ ನಟಿ ಆ ದಿನ ಬರಲಿಲ್ಲ. ಅದೇ ದಿನ ತಂಗಿ ಮನೆಯಲ್ಲಿ ಕನ್ನಡಕ ಮರೆತು ಬಂದಿದ್ದಳು. ಅದನ್ನು ಕೊಡಲು ಬಂದ ಅಕ್ಕ ಬಾಗಿಲಲ್ಲಿ ನಿಂತು, "ತಗೊಳ್ಳೇ, ಹಾಲು ಇಟ್ಟು ಬಂದಿದ್ದೀನಿ, ಪಕ್ಕದ ಮನೆಯವರಿಗೆ ನೋಡ್ಕೊಳ್ಳಿ ಅಂತ ಹೇಳಿ ಬಂದಿದ್ದೀನಿ," ಎಂದಳು. ಕಿವಿ ತಲೆ ಎತ್ತಿದ.

"ಅಮ್ಮಾ, ಒಂದು ನಿಮಿಷ ಒಳಗೆ ಬರ್ತೀರಾ?"

"ನಾನಾ? ಅಯ್ಯೋ, ನಂಗೆ ನಿಮ್ಮ ನಾಟಕ ಎಲ್ಲ ಬರಲ್ಲಪ್ಪ."

"ನಾಟಕ ಬೇಡಮ್ಮ. ಇದನ್ನ ಓದಿ ಸಾಕು."

ಅಕ್ಕ ಕೈಚೀಲವನ್ನೂ ಕೆಳಗಿಡದೆ ಓದಿದಳು. ಆ ಸಾಲು ಇದು: "ಮೊದಲು ಕೈ ತೊಳ್ಕೊಂಡು ಬಾ. ಆಮೇಲೆ ಅಳುವೆಯಂತೆ." ಆಟದಲ್ಲಿ ಬಿದ್ದು ಅಳುತ್ತಾ ಬಂದ ತಮ್ಮನಿಗೆ ಅಕ್ಕ ಒಲೆಯ ಮುಂದಿನಿಂದ ತಿರುಗಿ ಹೇಳುವ ಮಾತು. ಒಂದೇ ಟೇಕ್. "ಮುಗೀತಾ? ಹೋಗ್ಲಾ?" ಎಂದು ಅಕ್ಕ ಮನೆಗೆ ಓಡಿದಳು. ಹಾಲು ಉಕ್ಕಿತ್ತಂತೆ.

ಆನಿಮೆಯಲ್ಲಿ ಸತ್ತವರಿಗೆ ಬಿಡುವಿರುವುದಿಲ್ಲ. ಕಂತು ಕಂತಿಗೂ ಹುಡುಗನಿಗೆ ಅಕ್ಕ ನೆನಪಾಗುತ್ತಿದ್ದಳು, ನೆನಪಾದಾಗಲೆಲ್ಲ ಕಿವಿ ಅದೇ ಸಾಲನ್ನು ತೆಗೆದು ಅಂಟಿಸುತ್ತಿದ್ದ. ನೋಡುವವರಿಗೆ ಅದು ಬಾಯಿಪಾಠವಾಯಿತು. ಬೀದಿಯಲ್ಲಿ ಮಕ್ಕಳು ಬಿದ್ದರೆ ಉಳಿದ ಮಕ್ಕಳು ಸೊಂಟಕ್ಕೆ ಕೈಕೊಟ್ಟು, "ಮೊದಲು ಕೈ ತೊಳ್ಕೊಂಡು ಬಾ!" ಎನ್ನುತ್ತಿದ್ದವು. ತರಕಾರಿಯವನ ಮೊಮ್ಮಗಳು ಹಾಗೆ ಅಂದಾಗ ಅಕ್ಕ, ಅದು ತನ್ನದೇ ದನಿ ಎಂದು ಹೇಳದೆ, ಟೊಮ್ಯಾಟೊ ಆರಿಸಿಕೊಂಡು ಬಂದಿದ್ದಳು. "ಹೇಳೋದಲ್ವೇನೇ?" ಎಂದು ತಂಗಿ ರೇಗಿದರೆ, "ಹೇಳಿದ್ರೆ ಇನ್ನೊಂದ್ಸಲ ಹೇಳಿ ತೋರ್ಸಿ ಅನ್ನುತ್ತೆ. ಒಲೆ ಮೇಲೆ ಇಟ್ಟಿದ್ದೆ," ಎಂದಳು.

ಅಕ್ಕ ತೀರಿಕೊಂಡದ್ದು ತಾರಸಿಯ ಮೇಲೆ, ಬಟ್ಟೆ ಒಣಗಿಸುತ್ತಾ. ಅರ್ಧ ಬಟ್ಟೆ ತಂತಿಯ ಮೇಲಿತ್ತು, ಅರ್ಧ ಬಕೆಟ್ಟಿನಲ್ಲಿ. ಹೃದಯ ನಿಂತಿತ್ತು ಎಂದರು ಡಾಕ್ಟರು. ಜನ ಬಂದರು, ಅತ್ತರು, ಹೋದರು. ಎಲ್ಲ ಮುಗಿದು ಮನೆ ಖಾಲಿಯಾದ ಮೇಲೆ ತಂಗಿ ತಾರಸಿಗೆ ಹೋದಳು. ತಂತಿಯ ಮೇಲಿನ ಬಟ್ಟೆ ಬಿಸಿಲಿಗೆ ಹಲಗೆಯಂತಾಗಿತ್ತು. ಮಾವನ ಅಂಗಿಗಳ ಹೆಗಲಲ್ಲಿ ಕ್ಲಿಪ್ಪಿನ ಗುರುತು ಬೀಳಬಾರದೆಂದು ಅಕ್ಕ ಅವನ್ನು ತಲೆಕೆಳಗಾಗಿ, ಅಂಚಿಗೆ ಕ್ಲಿಪ್ಪು ಹಾಕಿ ತೂಗುಬಿಟ್ಟಿದ್ದಳು. ಬಕೆಟ್ಟಿನ ಬಟ್ಟೆ ಹುಳಿತ ವಾಸನೆ ಹೊಡೆಯುತ್ತಿತ್ತು. ಇಷ್ಟು ಜನ ಬಂದು ಹೋಗಿದ್ದರು, ಆ ಬಕೆಟ್ಟು ಒಬ್ಬರ ಕಣ್ಣಿಗೂ ಬಿದ್ದಿರಲಿಲ್ಲ. ತಂಗಿ ಅಲ್ಲೇ ನಲ್ಲಿಯ ಮುಂದೆ ಕೂತು ಎಲ್ಲವನ್ನೂ ಮತ್ತೆ ಒಗೆದಳು.

ಅವಳಿಗೆ ಅಳು ಬರಲಿಲ್ಲ. ಬರಲಿಲ್ಲ ಎಂದರೆ ಪೂರ್ತಿ ಸರಿಯಲ್ಲ. ಒಮ್ಮೆ ಬಚ್ಚಲಲ್ಲಿ ನಲ್ಲಿ ಬಿಟ್ಟು ಬಾಯಿ ತೆರೆದಳು. ಹೊರಗೆ ಬಂದದ್ದು ಹುಡುಗನ ಅಳು. ಸಣ್ಣಗೆ ಶುರುವಾಗಿ, ಮಧ್ಯೆ ಒಡೆದು, ಕೊನೆಗೆ ಉಸಿರು ಎಳೆದುಕೊಳ್ಳುವ, ಯಾವ ಟೇಕಿನಲ್ಲೂ ಪಾಸಾಗುವ ಅಳು. ತಂಗಿಗೆ ಅಸಹ್ಯವಾಯಿತು. ಬಾಯಿ ಮುಚ್ಚಿಕೊಂಡು ಮುಖ ತೊಳೆದು ಬಂದಳು.

ಮನೆಯಲ್ಲಿ ಉಳಿದವರು ತಮ್ಮ ತಮ್ಮ ಗುಡ್ಡ ಹತ್ತಿದ್ದರು. ಮಾವ ಆರಾಮಕುರ್ಚಿ ಬಿಟ್ಟು ಏಳುತ್ತಿರಲಿಲ್ಲ. ಕಟ್ಟಡಗಳ ನಕ್ಷೆ ಬರೆಯುವ ಗಂಡ ಕಚೇರಿಯಲ್ಲೇ ಹೊತ್ತು ಕಳೆದು ಬರುತ್ತಿದ್ದ. ಬಂದವನು ಅಡುಗೆಮನೆ ಬಾಗಿಲಲ್ಲಿ ನಿಂತು, "ಏನಾದ್ರೂ ಸಹಾಯ ಬೇಕಾದ್ರೆ ಹೇಳು," ಎನ್ನುತ್ತಿದ್ದ. ಕೆಟ್ಟವನಲ್ಲ. ಆದರೆ ಏನು ಬೇಕೆಂದು ಯೋಚಿಸಿ ಹೇಳುವುದೂ ಒಂದು ಕೆಲಸ ಎಂದು ಅವನಿಗೆ ಯಾರೂ ಹೇಳಿರಲಿಲ್ಲ. ದೊಡ್ಡಮ್ಮನ ಸೊಂಟದ ಮೇಲೆಯೇ ಬೆಳೆದ ಮಗಳು ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು ಮೊಬೈಲಿನಲ್ಲಿ ಆ ಮೂರನೇ ಕಂತನ್ನು ಹಿಂದೆ ಮುಂದೆ ಓಡಿಸುತ್ತಿದ್ದಳು. ಏನು ಕೇಳುತ್ತಿದ್ದಾಳೆಂದು ತಂಗಿಗೆ ಗೊತ್ತಿತ್ತು. ಎಲ್ಲರಿಗೂ ದುಃಖವಿತ್ತು, ನಿಜವಾದ ದುಃಖವೇ. ಅದನ್ನು ಪಡಲು ಬಿಡುವು ಇಲ್ಲದವಳು ಮಾತ್ರ ಅವಳೊಬ್ಬಳು.

ಏಕೆಂದರೆ ಇಷ್ಟು ಕಾಲ ತಮ್ಮಷ್ಟಕ್ಕೆ ತಾವೇ ಆಗುತ್ತಿದ್ದ ಕೆಲಸಗಳೆಲ್ಲ ಒಟ್ಟಿಗೇ ನಿಂತುಹೋಗಿದ್ದವು. ಬಚ್ಚಲ ಜಾಲರಿಯ ಕೂದಲು. ಎರಡಾಗಿ ಕತ್ತರಿಸಿ ಒಂದು ಪಾತ್ರೆಗೆ, ಒಂದು ಕಟ್ಟೆಗೆ ಇಡುತ್ತಿದ್ದ ಸ್ಪಂಜು. ಮಾವನ ಬೆಳಗಿನ ಬಿಳಿ ಮಾತ್ರೆ ಊಟಕ್ಕೆ ಮೊದಲು, ಹಳದಿಯದು ಊಟವಾದ ಮೇಲೆ. ಗ್ಯಾಸ್ ಮುಗಿಯುವ ಹಿಂದಿನ ದಿನವೇ ಹೇಗೋ ಬಂದು ನಿಲ್ಲುತ್ತಿದ್ದ ಸಿಲಿಂಡರು. ತಂಗಿಗೆ ಮನೆಗೆಲಸ ಬರುವುದಿಲ್ಲ ಎಂದಲ್ಲ, ಅಕ್ಕನ ಜೊತೆ ಕೈಜೋಡಿಸಿ ಮಾಡಿದ್ದಳು. ಆದರೆ ಕೈಜೋಡಿಸುವುದೇ ಬೇರೆ, ಮನೆಯನ್ನು ತಲೆಯಲ್ಲಿ ಹೊತ್ತು ತಿರುಗುವುದೇ ಬೇರೆ.

"ಸ್ವಲ್ಪ ದಿನ ಆ ಸ್ಟುಡಿಯೋ ಬಿಡಮ್ಮ," ಎಂದರು ಮಾವ, ಕಣ್ಣು ಮುಚ್ಚಿಕೊಂಡೇ. "ಮನೆ ಅಂದ್ಮೇಲೆ ಒಬ್ರು ಬೇಕಲ್ಲ."

"ಒಬ್ರು ಅಂದ್ರೆ ನಾನೇನಾ ಮಾವ?"

ಮಾವ ಕಣ್ಣು ತೆರೆದು ನೋಡಿದರು. ಬೇರೆ ಯಾರೂ ಅವರ ಮನಸ್ಸಿಗೆ ಬಂದಿರಲಿಲ್ಲ ಎನ್ನುವುದು ಆ ನೋಟದಲ್ಲೇ ಇತ್ತು.

ಸ್ಟುಡಿಯೋದಿಂದ ನಿರ್ದೇಶಕಿ ಫೋನ್ ಮಾಡಿದಳು. ಮಗಳಿಗಿಂತ ನಾಲ್ಕೈದು ವರ್ಷ ದೊಡ್ಡವಳಿರಬಹುದು, ಮಾತು ಚುರುಕು, ಮನಸ್ಸು ಮೆದು.

"ಆಂಟಿ, ಹೇಗೆ ಹೇಳ್ಬೇಕೋ ಗೊತ್ತಾಗ್ತಿಲ್ಲ. ಕೊನೇ ಕಂತು ಬಂದಿದೆ. ಅದ್ರಲ್ಲಿ ಹುಡುಗ ಮಂಜು ದಾಟಿ ಆಚೆ ಹೋಗ್ತಾನೆ. ಅಲ್ಲಿ ಅವನ ಅಕ್ಕ ಸಿಗ್ತಾಳೆ. ಅವಳಿಗೆ ಹೊಸ ಮಾತಿದೆ."

ತಂಗಿ ಫೋನನ್ನು ಇನ್ನೊಂದು ಕಿವಿಗೆ ಬದಲಿಸಿದಳು.

"ಇನ್ನೊಬ್ರನ್ನ ಕರೆಸಬಹುದು. ಆದ್ರೆ ಸರಣಿ ಕಂಪನಿಯವರ ನಿಯಮ ಗೊತ್ತಲ್ಲ, ಒಂದು ಪಾತ್ರಕ್ಕೆ ಒಂದೇ ದನಿ ಅಂತ. ಹೊಸಬರು ಬಂದ್ರೆ ಹಳೇ ಕಂತುಗಳಲ್ಲಿರೋ ಸಾಲನ್ನೂ ಅವರ ಹತ್ರಾನೇ ಹೇಳ್ಸಿ ಬದಲಾಯಿಸ್ಬೇಕು. ಎಲ್ಲಾ ಕಡೆ."

"ಎಲ್ಲಾ ಕಡೆನಾ?"

"ಎಲ್ಲಾ ಕಡೆ ಆಂಟಿ. ಅದಕ್ಕೇ ನಿಮ್ಮನ್ನ ಕೇಳ್ತಿದ್ದೀನಿ. ನಿಮ್ಮಿಬ್ರ ದನಿ ಒಂದೇ ಥರ ಅಲ್ವಾ? ನಿಮ್ಮದು ಅವರ ದನಿಗೆ ಕೂಡಿದ್ರೆ ಹಳೇದನ್ನ ಮುಟ್ಟೋದೇ ಬೇಡ. ಈ ವಾರದೊಳಗೆ ಆಗ್ಬೇಕು ಅಷ್ಟೇ."

ಫೋನ್ ಇಟ್ಟಾಗ ತಂಗಿಯ ಕಣ್ಣು ಹೋದದ್ದು ಕಿಟಕಿಯ ಪಕ್ಕ ಕೂತ ಮಗಳ ಕಡೆಗೆ. ಅವಳ ಹೆಬ್ಬೆರಳು ಮೊಬೈಲಿನ ಮೇಲೆ ಹಿಂದಕ್ಕೆ ಸರಿಯಿತು, ಮತ್ತೆ ಹಿಂದಕ್ಕೆ ಸರಿಯಿತು.

ಮರುದಿನ ತಂಗಿ ಗಾಜಿನ ಕೋಣೆಯಲ್ಲಿ ನಿಂತಳು. ದನಿ ಕೂಡಿಸುವುದು ಅವಳಿಗೆ ನೀರು ಕುಡಿದಷ್ಟು ಸಲೀಸು. ಅಕ್ಕನ ದನಿ ತನ್ನದಕ್ಕಿಂತ ಒಂದು ಎಳೆ ಕೆಳಗೆ, ಮೂಗಿನಲ್ಲಿ ಸ್ವಲ್ಪ. ಪರೀಕ್ಷೆಗೆಂದು ಮೊದಲು ಹಳೆಯ ಸಾಲನ್ನೇ ಹೇಳಿದಳು. ಹೇಳುವಾಗ ಅಕ್ಕನ ಮುಖವನ್ನು ನೆನೆದಳು, ಎದೆಯಲ್ಲಿದ್ದುದನ್ನೆಲ್ಲ ಆ ಸಾಲಿಗೆ ಸುರಿದಳು. ನಿರ್ದೇಶಕಿ ಕಣ್ಣು ಒರೆಸಿಕೊಂಡಳು. ಕಿವಿ ಮಾತ್ರ ಮುಖ ಗಂಟಿಕ್ಕಿಕೊಂಡು ಎರಡನ್ನೂ ಒಂದರ ಹಿಂದೊಂದು ಹಾಕಿ ಕೇಳಿದ. ಅಕ್ಕನದು. ತಂಗಿಯದು. ಮತ್ತೆ ಅಕ್ಕನದು.

"ದನಿ ಅದೇ," ಎಂದ ಕೊನೆಗೆ. "ಆದ್ರೆ ಕೂಡಲ್ಲ."

"ಯಾಕ್ರೀ?"

"ಹೇಗೆ ಹೇಳೋದು. ನಿಮ್ಮದು ಕೇಳಿದ್ರೆ ಕಣ್ಣಲ್ಲಿ ನೀರು ಬರುತ್ತೆ. ಅಕ್ಕಂದು ಕೇಳಿದ್ರೆ ಹೊಟ್ಟೆ ಹಸಿಯುತ್ತೆ."

ಮತ್ತೆ ಹೇಳಿದಳು. ಪ್ರೀತಿ ಕಡಿಮೆ ಮಾಡಿ ಹೇಳಿದಳು, ಅವಸರ ಸೇರಿಸಿ ಹೇಳಿದಳು, ಅಕ್ಕನ ಹಾಗೆ ಕೈಚೀಲ ಹಿಡಿದುಕೊಂಡೂ ಹೇಳಿದಳು. ಪ್ರತಿ ಸಲವೂ ಸತ್ತುಹೋದ ಅಕ್ಕನೊಬ್ಬಳು ಮೋಡದ ಮೇಲಿನಿಂದ ಮಾತಾಡಿದ ಹಾಗಿತ್ತು. ಬದುಕಿರುವ, ಒಲೆಯ ಮುಂದೆ ನಿಂತಿರುವ ಅಕ್ಕ ಬರಲಿಲ್ಲ. ನಿರ್ದೇಶಕಿ ಗಡಿಯಾರ ನೋಡಿ, ನೋಡದ ಹಾಗೆ ಮಾಡಿ, "ಶುಕ್ರವಾರ ಇನ್ನೊಂದ್ಸಲ ನೋಡೋಣ ಆಂಟಿ," ಎಂದಳು. ಅಂದೂ ಕೂಡದಿದ್ದರೆ ಬೇರೆಯವರು ಎನ್ನುವುದನ್ನು ಬಾಯಿ ಬಿಟ್ಟು ಹೇಳಬೇಕಾಗಿರಲಿಲ್ಲ.

ಮನೆಗೆ ಬಂದು ತಂಗಿ ಮಗಳ ಪಕ್ಕ ಕೂತಳು.

"ದೊಡ್ಡಮ್ಮ ಅದನ್ನ ಹೇಗೆ ಹೇಳಿದ್ರು ಅಂತ ನಿಂಗೇನಾದ್ರೂ ಗೊತ್ತಾಗುತ್ತಾ?"

ಮಗಳು ಒಂದು ಇಯರ್‌ಫೋನ್ ತೆಗೆದಳು. "ಹೇಗೆ ಅಂದ್ರೆ? ದಿನಾ ಹೇಳೋ ಹಾಗೇ."

"ದಿನಾ ಅಂದ್ರೆ?"

"ಅಮ್ಮಾ, ನೀನು ಮನೇಲಿದ್ರೆ ತಾನೇ." ಅದರಲ್ಲಿ ಕೊಂಕಿರಲಿಲ್ಲ, ಬರೀ ಇದ್ದದ್ದನ್ನು ಹೇಳಿದಳು. ತಂಗಿಗೆ ಕೊಂಕೇ ಆಗಿದ್ದರೆ ವಾಸಿಯಿತ್ತು ಅನ್ನಿಸಿತು. "ನಿಂಗೂ ಅಳು ಬರ್ತಿಲ್ಲ ಅಲ್ವಾ?" ಮಗಳು ಮೊಬೈಲ್ ನೋಡುತ್ತಲೇ ಕೇಳಿದಳು. "ನಂಗೂ ಬರ್ತಿಲ್ಲ. ಇವನಿಗೆ ಎಷ್ಟು ಸಲೀಸು ನೋಡು. ಕಿರುಚಿದ, ಲಾಡಿ ಕಟ್ಕೊಂಡ, ಹೊರಟ."

"ಕಟ್ಕೊಂಡ. ಒಂದು ದಿನಾನೂ ಒಗೀಲಿಲ್ಲ."

ಮಗಳು ಫಕ್ಕನೆ ನಕ್ಕಳು. ನಕ್ಕದ್ದಕ್ಕೆ ತಾನೇ ಹೆದರಿ ಮತ್ತೆ ಇಯರ್‌ಫೋನ್ ಸಿಕ್ಕಿಸಿಕೊಂಡಳು.

ಗುರುವಾರ ಸಂಜೆ. ತಂಗಿ ಅಡುಗೆ ಮುಗಿಸಿ, ಬೆವರು ಒರೆಸಿಕೊಂಡು, ಒಳಗಿನಿಂದಲೇ ಕರೆದಳು: "ಊಟಕ್ಕೆ ಬನ್ನಿ." ಕರೆದ ದನಿ ಚೆನ್ನಾಗಿತ್ತು, ಮುದ್ದಾಗಿತ್ತು. ಯಾರೂ ಬರಲಿಲ್ಲ. ತಟ್ಟೆ ಹಾಕಿದಳು, ನೀರಿಟ್ಟಳು, ಇನ್ನೊಮ್ಮೆ ಕರೆದಳು. "ಬಂದೆ," ಎಂದ ಗಂಡ, ಬರಲಿಲ್ಲ. "ಹ್ಞೂಂ," ಎಂದರು ಮಾವ, ಅವರೂ ಏಳಲಿಲ್ಲ. ಮಗಳಿಗೆ ಕೇಳಿಸಲೇ ಇಲ್ಲ. ತಂಗಿ ಹಾಲು ಇಳಿಸಿದಳು, ಚೆಲ್ಲಿದ್ದನ್ನು ಒರೆಸಿದಳು, ಆರುತ್ತಿದ್ದ ಊಟಕ್ಕೆ ಮುಚ್ಚಳ ಮುಚ್ಚಿದಳು. ಕೋಪ ಬರಬೇಕಿತ್ತು. ಬರುವಷ್ಟರಲ್ಲೇ ಇನ್ನೊಂದು ಕೆಲಸ ಕಣ್ಣಿಗೆ ಬಿದ್ದು ಅದು ಹಿಂದೆ ಸರಿಯಿತು. ಪಾತ್ರೆಯ ಮೇಲೆ ಕೈಯಿಟ್ಟುಕೊಂಡೇ, ಕತ್ತನ್ನು ಅರ್ಧ ಹೊರಳಿಸಿ, ಮೂರನೇ ಸಲ ಹೇಳಿದಳು:

"ಕೈ ತೊಳ್ಕೊಂಡು ಬನ್ನಿ."

ಮೂವರೂ ಎದ್ದು ಬಂದರು. ಮಗಳಂತೂ ಇಯರ್‌ಫೋನ್ ಕಿತ್ತು ಓಡಿಬಂದು ಬಾಗಿಲಲ್ಲಿ ನಿಂತು ಅಡುಗೆಮನೆಯನ್ನೆಲ್ಲ ಕಣ್ಣಲ್ಲೇ ಹುಡುಕಿದಳು. ಅಲ್ಲಿ ಅಮ್ಮನನ್ನು ಬಿಟ್ಟು ಇನ್ಯಾರೂ ಇರಲಿಲ್ಲ.

ಅಕ್ಕನ ಆ ದನಿ ತನ್ನ ಬಾಯಿಂದ ಬಂದದ್ದು ತಂಗಿಗೂ ಕೇಳಿಸಿತ್ತು.

ಎಲ್ಲರೂ ವಾತ್ಸಲ್ಯ ಎಂದುಕೊಂಡಿದ್ದು ಇದನ್ನು. ಬೀದಿಯ ಮಕ್ಕಳು ಸೊಂಟಕ್ಕೆ ಕೈಕೊಟ್ಟು ಅನುಕರಿಸುತ್ತಿದ್ದದ್ದು ಇದನ್ನು. ಸಿಟ್ಟು ಮಾಡಿಕೊಳ್ಳಲೂ ಪುರಸೊತ್ತಿಲ್ಲದ, ಎರಡು ಸಲ ಕರೆದು ಯಾರೂ ಬಾರದ ಮೇಲೆ ಮೂರನೇ ಸಲ ಕರೆಯುವ ದನಿ. ಅಕ್ಕ ಇದನ್ನು ದಿನವೂ ಆಡಿದ್ದಳು, ಇಷ್ಟು ವರ್ಷವೂ ಆಡಿದ್ದಳು. ಸಂಜೆ ಬಿಸಿನೀರು ಕುಡಿಯುತ್ತಾ ಸ್ಟುಡಿಯೋದ ಕಥೆ ಹೇಳುತ್ತಿದ್ದ ತಂಗಿಯೂ ಮೂರನೇ ಕರೆಗೇ ಎದ್ದು ಹೋಗುತ್ತಿದ್ದವಳು.

ಆ ಹೊತ್ತು ಅವಳು ಎಲ್ಲರಿಗೂ ಬಡಿಸಿದಳು. ಆಮೇಲೆ ಕಟ್ಟೆಗೊರಗಿ ನಿಂತುಕೊಂಡೇ ತಿಂದಳು. ಅಕ್ಕ ಅಲ್ಲೇ ನಿಲ್ಲುತ್ತಿದ್ದಳೆಂದು ನೆನಪಾದದ್ದು, ಕಟ್ಟೆಯ ಅಂಚಿನಲ್ಲಿ ಮೊಣಕೈ ಊರಿ ಊರಿ ಬಣ್ಣ ಹೋದ ಜಾಗ ಕೈಗೆ ತಾಗಿದಾಗ.

ಶುಕ್ರವಾರ ಗಾಜಿನ ಕೋಣೆಯಲ್ಲಿ ತಂಗಿ ಕೈಚೀಲವನ್ನು ಹೊರಗಿಟ್ಟಳು. ಒಂದು ಒದ್ದೆ ಬಟ್ಟೆ ಕೇಳಿ ಪಡೆದು ಕೈಯಲ್ಲಿ ಹಿಡಿದುಕೊಂಡಳು. ಪರದೆಯ ಮೇಲೆ ಮಂಜು ಸರಿದು, ಮೊದಲಿನ ಅದೇ ಮನೆ, ಅದೇ ಒಲೆ, ಒಲೆಯ ಮುಂದೆ ಅಕ್ಕ ಕಂಡಳು. "ಬಂದ್ಯಾ?" ಎಂದಳು ತಂಗಿ. "ಎಷ್ಟು ಎತ್ತರ ಆಗ್ಬಿಟ್ಟೆ. ಕೈ ತೊಳ್ಕೊಂಡು ಬಾ." ಅಕ್ಕನ ಮುಖ ನೆನೆಯಲಿಲ್ಲ, ಎದೆಯಲ್ಲಿದ್ದುದನ್ನು ಸುರಿಯಲಿಲ್ಲ. ಯಾರೂ ಬಾರದ ಅಡುಗೆಮನೆಯಲ್ಲಿ ಬಟ್ಟೆ ಹಿಂಡುತ್ತಾ ಕರೆದಳು, ಅಷ್ಟೇ.

ಗಾಜಿನ ಆಚೆ ಕಿವಿ ಹಳೆಯದನ್ನೂ ಹೊಸದನ್ನೂ ಒಂದರ ಹಿಂದೊಂದು ಹಾಕಿ ಕೇಳಿದ. ಆಮೇಲೆ ಮೈಕಿನಲ್ಲಿ ಅವನ ದನಿ ಬಂತು. "ಹಾಲು ಒಲೆ ಮೇಲಿಟ್ಟು ಬಂದಿದ್ದೀರಾ?"

"ಹ್ಞೂಂ."

"ಕೂಡ್ತು. ಹಳೇದನ್ನ ಯಾರೂ ಮುಟ್ಟಲ್ಲ ಬಿಡಿ."

ಇನ್ನು ಹುಡುಗನ ಭಾಗ. ಅಕ್ಕನ ಮಾತು ಕೇಳಿ ಹುಡುಗ ಹೊಸ್ತಿಲಲ್ಲೇ ನಿಲ್ಲುತ್ತಾನೆ. ನೋಡುವವರಿಗೆ ಕಾಣುವುದು ಅವನ ಬೆನ್ನು, ನಡುಗುವ ಹೆಗಲು. ಮೂಲದಲ್ಲಿ ಅಲ್ಲಿ ಬರೀ ಬಿಕ್ಕಳಿಕೆ, ಉದ್ದಕ್ಕೆ. ಆಮೇಲೆ ಏಕೋ ಏನೋ, ಒಲೆಯ ಮುಂದಿದ್ದ ಅಕ್ಕ ನಿಧಾನವಾಗಿ ಹಿಂದೆ ಸರಿದು ಬೆಂಚಿನ ಮೇಲೆ ಕೂತುಕೊಳ್ಳುತ್ತಾಳೆ, ನಗುತ್ತಾಳೆ, ಮಂಜು ಕರಗುತ್ತದೆ. ತುಟಿ ಕಂಡರೆ ಅದಕ್ಕೆ ಮಾತು ಕೂಡಿಸಲೇಬೇಕು, ಬೆನ್ನು ಕಂಡರೆ ಮಾತು ನಮ್ಮದು. ಇದು ಈ ಕೆಲಸದವರಿಗೆಲ್ಲ ಗೊತ್ತಿರುವ ಅನುಕೂಲ. ಸಾಮಾನ್ಯವಾಗಿ ಅಲ್ಲೊಂದು 'ಅಯ್ಯೋ'ನೋ 'ಛೇ'ನೋ ತುರುಕುತ್ತಾರೆ.

ದೃಶ್ಯ ಓಡಿತು. ತಂಗಿ ಹುಡುಗನ ಬಿಕ್ಕಳಿಕೆ ಶುರು ಮಾಡಿದಳು. ಅಭ್ಯಾಸದ ಬಿಕ್ಕಳಿಕೆ. ಎರಡು ಬಿಕ್ಕಿ, ನಿಲ್ಲಿಸಿ, ಹುಡುಗನ ದನಿಯಲ್ಲೇ ಹೇಳಿದಳು:

"ನೀನು ಕೂತ್ಕೋ ಅಕ್ಕ. ನಾನು ಬಡಿಸ್ತೀನಿ."

ಪರದೆಯ ಮೇಲಿನ ಅಕ್ಕ ಹಿಂದೆ ಸರಿದು ಬೆಂಚಿನ ಮೇಲೆ ಕೂತಳು. ನಕ್ಕಳು.

ನಿರ್ದೇಶಕಿ ಕೈಯಲ್ಲಿನ ಹಾಳೆ ನೋಡಿದಳು. "ಆಂಟಿ, ಇದು ಸ್ಕ್ರಿಪ್ಟಲ್ಲಿ ಇಲ್ವಲ್ಲ."

"ಬೆನ್ನು ತಿರುಗಿಸ್ಕೊಂಡಿದ್ದಾನೆ ಕಣಮ್ಮ. ತುಟಿ ಕಾಣಲ್ಲ."

"ಅದು ಸರಿ, ಆದ್ರೆ ಹೀರೋ ಹೀಗೆ..." ಎಂದು ಶುರುಮಾಡಿದವಳು ದೃಶ್ಯವನ್ನು ಇನ್ನೊಮ್ಮೆ ಹಾಕಿಸಿ ನೋಡಿದಳು. ಅಕ್ಕ ಕೂತಳು, ನಕ್ಕಳು. "ಅವಳು ಯಾಕೆ ಕೂತ್ಕೋತಾಳೆ ಅಂತ ನಂಗೆ ಅರ್ಥಾನೇ ಆಗಿರ್ಲಿಲ್ಲ," ಎಂದು ತನ್ನಷ್ಟಕ್ಕೇ ಹೇಳಿಕೊಂಡಳು. "ಇರ್ಲಿ. ಕಂಪನಿಯವರು ಕೇಳಿದ್ರೆ ನಾನು ಹೇಳ್ತೀನಿ."

ಆ ಸಂಜೆ ತಂಗಿ ದಾರಿಯಲ್ಲಿ ತರಕಾರಿ ತಂದಳು, ಹೆಚ್ಚಿದಳು, ಬೇಯಿಸಿದಳು. ನಾಲ್ಕು ತಟ್ಟೆ ಹಾಕಿದಳು. "ಊಟಕ್ಕೆ ಬನ್ನಿ," ಎಂದು ಕರೆದಳು. ಒಂದು ಸಲ.

ಯಾರೂ ಬರಲಿಲ್ಲ.

ತಂಗಿ ಕೈ ತೊಳೆದುಕೊಂಡಳು. ಉಗುರಿನ ಸಂದಿಯ ಅರಿಶಿನ ಹೋಗುವವರೆಗೆ ತೊಳೆದು, ಒರೆಸಿಕೊಂಡು ಬಂದು, ಕಟ್ಟೆಗೆ ಒರಗದೆ ಮೇಜಿನ ಮುಂದಿನ ಕುರ್ಚಿಯಲ್ಲಿ ಕೂತಳು. ತಟ್ಟೆಗೆ ತಾನೇ ಬಡಿಸಿಕೊಂಡಳು. ಊಟ ಬಿಸಿಯಾಗಿತ್ತು. ಈ ಮನೆಯಲ್ಲಿ ಅಡುಗೆ ಮಾಡಿದವರು ಬಿಸಿ ಊಟ ಉಂಡದ್ದನ್ನು ಅವಳು ನೋಡಿರಲೇ ಇಲ್ಲ. ಮೊದಲ ತುತ್ತು ಬಾಯಿಗಿಟ್ಟಳು, ಅಗಿದಳು. ಎರಡನೆಯದು ಗಂಟಲಲ್ಲಿ ನಿಂತಿತು.

ಬಂದದ್ದು ಹುಡುಗನ ಅಳು ಅಲ್ಲ. ಅದಕ್ಕೆ ಏರಿಳಿತವಿರಲಿಲ್ಲ, ಒಡೆಯುವ ಚಂದವಿರಲಿಲ್ಲ. ಮೂಗಿನಿಂದಲೂ ಬಾಯಿಯಿಂದಲೂ ಒಟ್ಟಿಗೆ ಹೊರಟ, ಹಳೆಯ ಬಾಗಿಲು ನೆಲಕ್ಕೆ ಉಜ್ಜಿದಂಥ ಸದ್ದು. ಯಾವ ಮೈಕೂ ಅದನ್ನು ಒಪ್ಪುತ್ತಿರಲಿಲ್ಲ. ಮಧ್ಯೆ ಅವಳು ಬಾಯಲ್ಲಿದ್ದುದನ್ನು ನುಂಗಿದಳು, ಇನ್ನೊಂದು ತುತ್ತು ಕಲಸಿದಳು, ಅಳುತ್ತಲೇ ಉಂಡಳು.

ಗಂಡ ಕೋಣೆಯಿಂದ ಓಡಿಬಂದ. "ಏನಾಯ್ತೇ? ಏನ್ಮಾಡ್ಲಿ ಹೇಳು?" ಅವಳು ಹೇಳಲಿಲ್ಲ. ಅವನು ನಿಂತ, ತಟ್ಟೆಗಳನ್ನು ನೋಡಿದ, ಅವಳ ಲೋಟದಲ್ಲಿ ನೀರಿಲ್ಲದ್ದನ್ನು ನೋಡಿ ತುಂಬಿಸಿಟ್ಟ. ಮಾವ ಗೋಡೆ ಹಿಡಿದುಕೊಂಡು ಬಂದು, "ಮಾತ್ರೆ ಯಾವುದು ಮೊದಲು?" ಎಂದು ಕೇಳಲು ಬಾಯಿ ತೆರೆದವರು, ಸೊಸೆಯ ಮುಖ ನೋಡಿ ಬಾಯಿ ಮುಚ್ಚಿಕೊಂಡು, ಡಬ್ಬಿಯ ಮೇಲಿದ್ದದ್ದನ್ನು ಕನ್ನಡಕ ಸರಿಮಾಡಿಕೊಂಡು ತಾವೇ ಓದತೊಡಗಿದರು.

ಮಗಳು ಬಾಗಿಲಲ್ಲಿ ನಿಂತಿದ್ದಳು. ಇಯರ್‌ಫೋನ್ ಕತ್ತಿನಲ್ಲಿ ತೂಗುತ್ತಿತ್ತು.

ತಂಗಿ ಎಡಗೈಯಿಂದ ಪಕ್ಕದ ಕುರ್ಚಿ ಎಳೆದಳು.

ಮಗಳು ಬರಲು ಹೊರಟವಳು ನಿಂತು, ತಿರುಗಿ ನಲ್ಲಿಯ ಕಡೆಗೆ ಹೋದಳು. ನೀರು ಬೀಳುವ ಸದ್ದು ಕೇಳಿಸಿತು, ನಿಂತಿತು. ಒದ್ದೆ ಕೈಯಲ್ಲೇ ಬಂದು ಅಮ್ಮನ ಪಕ್ಕ ಕೂತಳು. ಆಮೇಲೆ ಅತ್ತಳು.